ಮುಳುಗುವ ಕಸುಬು

ಕನ್ನಡದ ‘ಮುಳುಗು’ ಎಂಬ ಧಾತುವಿಗೆ ಎರಡು ಮುಖಗಳಿವೆ. ಹೊಳೆಯಲ್ಲಿ ಮುಳುಗಿ ಎದ್ದವನು ಪುಣ್ಯವಂತ. ವ್ಯಾಪಾರದಲ್ಲಿ ಮುಳುಗಿದವನು ಏಳುವುದು ಅಪರೂಪ. ‘ಅವನ ಅಂಗಡಿ ಮುಳುಗಿತು’ ಎಂದರೆ ಅದು ನೀರಿನ ಮಾತಲ್ಲವೆಂಬುದು ಮಕ್ಕಳಿಗೂ ಗೊತ್ತು. ತರಗತಿಯಲ್ಲಿ ನಾನಾರ್ಥಗಳನ್ನು ಹೇಳಿಕೊಡುವಾಗ ಈ ಉದಾಹರಣೆಯನ್ನು ಹಲವು ವರ್ಷಗಳಿಂದ ಕೊಡುತ್ತ ಬಂದಿದ್ದೇನೆ. ಆದರೆ ಈ ಎರಡು ಅರ್ಥಗಳೂ ಒಂದೇ ಅಂಗಡಿಯ ಹೊಸ್ತಿಲಲ್ಲಿ ಸಂಧಿಸುವುದನ್ನು ಕಣ್ಣಾರೆ ಕಾಣುವ ಪ್ರಸಂಗ ನನಗೆ ಒದಗಿದುದು ಮುರುಡೇಶ್ವರದಲ್ಲಿ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಲ್ಲಿ, ಸಮುದ್ರದೊಳಗೆ ಇಳಿಯುವುದನ್ನು ಕಲಿಸುವ ಸಣ್ಣ ಅಂಗಡಿಯೊಂದರಲ್ಲಿ ಪಾಲುದಾರ. ಕಾಲೇಜಿನಲ್ಲಿದ್ದಾಗ ಹಳಗನ್ನಡ ಕಾವ್ಯದ ತರಗತಿಯಲ್ಲಿ ಕಿಟಕಿಯಾಚೆಗೇ ಹೆಚ್ಚು ದೃಷ್ಟಿಯಿಟ್ಟಿದ್ದವನು. ಅಂಗಡಿಯೆಂದರೆ ಮಾಲು ಜೋಡಿಸಿಟ್ಟ ಮಳಿಗೆಯಲ್ಲ. ಒಂದು ಕೋಣೆ, ಗೋಡೆಗೆ ತೂಗುಹಾಕಿದ ರಬ್ಬರಿನ ಅಂಗಿಗಳು, ಮೂಲೆಯಲ್ಲಿ ಸಾಲಾಗಿ ನಿಂತ ಗಾಳಿಯ ಸಿಲಿಂಡರುಗಳು, ಹಿತ್ತಲಲ್ಲಿ ಗದ್ದಲ ಮಾಡುವ ಒಂದು ಕಂಪ್ರೆಸರ್ ಯಂತ್ರ. ಇಷ್ಟೇ ಅದರ ಆಸ್ತಿ. ದೊಡ್ಡ ಕಂಪನಿಗಳು ನೌಕರರನ್ನು ಕಡಿತಗೊಳಿಸುವ ಸುದ್ದಿ ಪತ್ರಿಕೆಯಲ್ಲಿ ಬಂದಾಗಲೆಲ್ಲ ಅವನು ನನಗೆ ಫೋನು ಮಾಡುವುದುಂಟು. ಮೊದಮೊದಲು, ಬೆಂಗಳೂರಿನಲ್ಲಿ ಅವನ ಬಂಧುಗಳಾರೋ ಕೆಲಸ ಕಳೆದುಕೊಂಡಿರಬೇಕೆಂದು ನಾನು ಭಾವಿಸಿದ್ದೆ. ವಿಷಯ ಅದಲ್ಲ. “ಸರ್, ಅಲ್ಲಿ ಬಾಗಿಲು ಹಾಕಿದ್ರೆ ಇಲ್ಲಿ ದೋಣಿ ಕಟ್ಟಿಹಾಕಬೇಕಾಗ್ತದೆ” ಎಂದನು.

ಈ ಒಂದು ಮಾತಿನ ಬೆನ್ನುಹತ್ತಿ ಹೊರಟಿತು ನನ್ನ ವಿಚಾರ.

ಮುರುಡೇಶ್ವರದ ದಡದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿ, ಅರಬ್ಬೀ ಸಮುದ್ರದ ನಡುವೆ ನೇತ್ರಾಣಿ ಎಂಬ ಪುಟ್ಟ ನಡುಗಡ್ಡೆಯಿದೆ. ಮೇಲಿನಿಂದ ನೋಡಿದರೆ ಅದು ಹೃದಯದ ಆಕಾರದಲ್ಲಿ ಕಾಣುತ್ತದೆಂದು ಹೇಳುವರು. ಪಾರಿವಾಳಗಳ ದ್ವೀಪವೆಂಬ ಹೆಸರೂ ಅದಕ್ಕುಂಟು. ದೋಣಿಯಲ್ಲಿ ಒಂದು, ಒಂದೂವರೆ ತಾಸಿನ ಪ್ರಯಾಣ. ದಂಡೆಯ ನೀರು ಕೆಸರಿನಿಂದ ಕಲಕಿದ್ದರೂ ಅಲ್ಲಿನ ನೀರು ತಿಳಿ. ಬಂಡೆಗಳ ಬುಡದಲ್ಲಿ ಹವಳವಿದೆ. ಗಿಳಿಮೀನು, ಚಿಟ್ಟೆಮೀನು, ಮುರುಮೀನುಗಳ ಸಂಸಾರವಿದೆ. 2022ರ ಅಕ್ಟೋಬರ್ 28ರಂದು ತೆರೆಕಂಡ ‘ಗಂಧದ ಗುಡಿ’ ಚಿತ್ರದಲ್ಲಿ ಪುನೀತ್ ರಾಜ್‌ಕುಮಾರ್ ಆ ನೀರಿಗೆ ಇಳಿದುದನ್ನು ಕಂಡ ಮೇಲೆ ಅದುವರೆಗೆ ಅದರ ಹೆಸರನ್ನೇ ಕೇಳದಿದ್ದ ಒಳನಾಡಿನವರಿಗೂ ನೇತ್ರಾಣಿ ಪರಿಚಿತವಾಯಿತು.

ಗಾಳಿಯನ್ನು ಬೆನ್ನಿಗೆ ಕಟ್ಟಿಕೊಂಡು ನೀರಿನಲ್ಲಿ ಇಳಿಯುವ ಈ ವಿದ್ಯೆಗೆ ‘ಸ್ಕೂಬಾ’ ಎಂದು ಹೆಸರು. ಐದು ಆಂಗ್ಲ ಪದಗಳ ಮೊದಲಕ್ಷರಗಳನ್ನು ಪೋಣಿಸಿ ಮಾಡಿದ ಪದವಿದು. ಕನ್ನಡಿಸುವ ಸಾಹಸಕ್ಕೆ ನಾನು ಕೈಹಾಕುವುದಿಲ್ಲ. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ತೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಇಬ್ಬರೂ ಸೇರಿ ಇದರ ಮುಖ್ಯ ಉಪಕರಣಕ್ಕೆ ರೂಪಕೊಟ್ಟರು. ಅದು ಯುದ್ಧದ ಕಾಲ. ಫ್ರಾನ್ಸು ಪರರ ವಶದಲ್ಲಿದ್ದ ಕಾಲ. ಅಂಥ ದುರ್ದಿನದಲ್ಲಿ ಹುಟ್ಟಿದ ವಿದ್ಯೆ ಸುದಿನಗಳ ವಿನೋದವಾಗಿ ಬೆಳೆದುದು ಸೋಜಿಗವೇ ಸರಿ. 1956ರಲ್ಲಿ ಕುಸ್ತೋ ಮತ್ತು ಲೂಯಿ ಮಾಲ್ ತೆಗೆದ ‘ಮೌನ ಪ್ರಪಂಚ’ ಎಂಬರ್ಥದ ಹೆಸರಿನ ಚಿತ್ರಕ್ಕೆ ಕಾನ್ ಉತ್ಸವದ ಅತ್ಯುನ್ನತ ಪ್ರಶಸ್ತಿ ಬಂದಿತು. ಅಲ್ಲಿಂದ ಮುಂದೆ ಯೂರೋಪು ಅಮೆರಿಕಗಳ ಮಧ್ಯಮ ವರ್ಗಕ್ಕೆ ಕಡಲ ತಳ ರಜೆಯ ತಾಣವಾಯಿತು. ನಮ್ಮ ಮಧ್ಯಮ ವರ್ಗಕ್ಕೆ ಆ ಯೋಗ ಬರಲು ಇನ್ನೂ ಅರ್ಧ ಶತಮಾನ ಬೇಕಾಯಿತು. ಬೆಂಗಳೂರಿನ ಗಣಕಯಂತ್ರಗಳ ಸಂಬಳ ಬೇಕಾಯಿತು.

ಆರ್ಥಿಕ ಮುಗ್ಗಟ್ಟು ಬಂದಾಗ ಮನೆಯೊಡತಿ ಅಕ್ಕಿಯ ಖರ್ಚನ್ನು ಕಡಿಮೆ ಮಾಡಲಾರಳು. ಮಕ್ಕಳ ಶುಲ್ಕವನ್ನು ತಡೆಹಿಡಿಯಲಾರಳು. ಮೊದಲು ಕತ್ತರಿ ಬೀಳುವುದು ಬೇಡವೆಂದರೆ ಬಿಡಬಹುದಾದ ವೆಚ್ಚಗಳಿಗೆ. ವರಮಾನ ಹತ್ತರಲ್ಲಿ ಒಂದು ಪಾಲು ಇಳಿದರೆ ಇಂಥ ವೆಚ್ಚ ಹತ್ತರಲ್ಲಿ ಮೂರು ನಾಲ್ಕು ಪಾಲು ಇಳಿಯಬಹುದು. ಅರ್ಥಶಾಸ್ತ್ರದ ಅಧ್ಯಾಪಕರು ಇದನ್ನು ರೇಖಾಚಿತ್ರ ಬರೆದು ತೋರಿಸುತ್ತಾರೆ. ಗೃಹಿಣಿಗೆ ರೇಖೆ ಬೇಡ. ನೇತ್ರಾಣಿಗೆ ಹೋಗಿ ಅರ್ಧ ಗಂಟೆ ನೀರಿನೊಳಗಿದ್ದು ಬರಲು ಒಬ್ಬರಿಗೆ ಸುಮಾರು ಐದು ಸಾವಿರ ರೂಪಾಯಿ. ಅದರ ಮೇಲೆ ಬಸ್ಸು, ವಸತಿ, ಊಟ. ಕೆಲಸ ಹೋದವನು ಬರುವುದಿಲ್ಲವೆಂಬುದು ಸ್ಪಷ್ಟ. ಅದಕ್ಕಿಂತ ಮುಖ್ಯವಾದುದು ಇನ್ನೊಂದಿದೆ: ಕೆಲಸ ಹೋದೀತೆಂದು ಅಂಜಿದವನೂ ಬರುವುದಿಲ್ಲ. 2023ರ ಜನವರಿಯಲ್ಲಿ ಗೂಗಲ್ ಸಂಸ್ಥೆ 12,000 ಮಂದಿಯನ್ನೂ ಅಮೆಜಾನ್ ಸಂಸ್ಥೆ 18,000ಕ್ಕೂ ಹೆಚ್ಚು ಮಂದಿಯನ್ನೂ ಜಗತ್ತಿನಾದ್ಯಂತ ಕೆಲಸದಿಂದ ಬಿಡಿಸುವುದಾಗಿ ಸಾರಿದವು. ಆ ಪೈಕಿ ಬೆಂಗಳೂರಿನವರು ಕೆಲವರೇ ಇದ್ದಿರಬಹುದು. ಅಂಜಿದವರ ಲೆಕ್ಕವನ್ನು ಇಟ್ಟವರಾರು? ಜನವರಿಯಾದರೋ ನೇತ್ರಾಣಿಯ ನೀರು ಅತ್ಯಂತ ಪ್ರಶಾಂತವಾಗಿರುವ ತಿಂಗಳುಗಳಲ್ಲೊಂದು.

ಈ ಕಸುಬಿನ ಮರ್ಮ ಇರುವುದು ಋತುವಿನಲ್ಲಿ. ಅಕ್ಟೋಬರಿನಿಂದ ಮೇ ವರೆಗೆ ಮಾತ್ರ ಕಡಲು ಮನುಷ್ಯನನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ವರೆಗೆ ಮುಂಗಾರಿನ ಆಳ್ವಿಕೆ. ಆ ನಾಲ್ಕು ತಿಂಗಳು ಅಂಗಡಿಯ ಬಾಡಿಗೆ ನಿಲ್ಲುವುದಿಲ್ಲ, ಬ್ಯಾಂಕಿನ ಬಡ್ಡಿ ನಿಲ್ಲುವುದಿಲ್ಲ, ಉಪ್ಪುಗಾಳಿ ಲೋಹವನ್ನು ತಿನ್ನುವುದೂ ನಿಲ್ಲುವುದಿಲ್ಲ. ಎಂಟು ತಿಂಗಳ ದುಡಿಮೆಯಲ್ಲಿ ಹನ್ನೆರಡು ತಿಂಗಳು ಬದುಕಬೇಕು. ಆ ಎಂಟರಲ್ಲಿಯೂ ಕಾಸು ಕಾಣುವುದು ದೀಪಾವಳಿಯ ರಜೆ, ಕ್ರಿಸ್‌ಮಸ್ಸಿನ ವಾರ, ಬೇಸಗೆಯ ಏಪ್ರಿಲ್ ಮೇ ತಿಂಗಳುಗಳಲ್ಲಿ. ಕಿರಾಣಿ ಅಂಗಡಿಯವನಿಗೆ ಒಂದು ವಾರ ವ್ಯಾಪಾರ ಕೆಟ್ಟರೆ ಮುಂದಿನ ವಾರವಿದೆ. ಇವರಿಗೆ ಏಪ್ರಿಲ್ ಕೈತಪ್ಪಿದರೆ ಮುಂದೆ ಕಾಣುವುದು ಮಳೆಯೇ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು 2020ನೆಯ ಇಸವಿಯನ್ನು ನೋಡಬೇಕು. ಮಾರ್ಚ್ 25ರಿಂದ ದೇಶವೇ ಬಾಗಿಲು ಹಾಕಿತು. ಆ ವರ್ಷದ ಏಪ್ರಿಲ್‌ನಿಂದ ಜೂನ್ ವರೆಗಿನ ಮೂರು ತಿಂಗಳಲ್ಲಿ ಭಾರತದ ಒಟ್ಟು ಉತ್ಪನ್ನ ಹಿಂದಿನ ವರ್ಷದ ಅದೇ ಅವಧಿಗಿಂತ ಶೇಕಡಾ 23.9ರಷ್ಟು ಕುಸಿಯಿತೆಂದು ಸರಕಾರದ ಮೊದಲ ಅಂದಾಜು ಹೇಳಿತು. ದೇಶದ ಪಾಲಿಗೆ ಅದು ಕಾಲು ಭಾಗ. ನೇತ್ರಾಣಿಯ ದೋಣಿಗಳ ಪಾಲಿಗೆ ಪೂರ್ತಿ ಸೊನ್ನೆ. ದೇಶ ಜೂನ್‌ನಲ್ಲಿ ಮೆಲ್ಲಗೆ ಬಾಗಿಲು ತೆರೆದಾಗ ಇಲ್ಲಿ ಮಳೆ ಬಾಗಿಲು ಹಾಕಿತು. ಆ ವರ್ಷದ ಕೊನೆಯಲ್ಲಿ ಜನ ಮರಳಿ ಬಂದರು. ವಿದೇಶಕ್ಕೆ ಹೋಗಲಾರದವರು ಸ್ವದೇಶದ ಕಡಲನ್ನು ಹುಡುಕಿಕೊಂಡು ಬಂದುದೂ ಉಂಟು. ಹೋದ ಉಸಿರು ಬಂದಂತಾಯಿತು. ಅಷ್ಟರಲ್ಲಿ 2021ರ ಏಪ್ರಿಲ್ 27ರಿಂದ ಕರ್ನಾಟಕ ಮತ್ತೆ ಬಾಗಿಲೆಳೆದುಕೊಂಡಿತು. ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಕರಾವಳಿಯನ್ನು ಹೊಡೆಯಿತು. ಅದರ ಹಿಂದೆಯೇ ಮಳೆ. ಎರಡು ವರ್ಷವೂ ಹೊಡೆತ ಬಿದ್ದುದು ಫಲ ಕೊಡುವ ಕೊಂಬೆಗೇ.

“ಆ ಎರಡು ಬೇಸಗೆಯಲ್ಲಿ ನೀವೇನು ಮಾಡಿದಿರಿ?” ಎಂದು ನಾನು ಅವನನ್ನೂ, ಅವನ ದೋಣಿಯ ತಾಂಡೇಲನನ್ನೂ ಕೇಳಿದೆ. ಶಿಷ್ಯ ಒಂದಷ್ಟು ಸಲಕರಣೆಗಳನ್ನು ಅರ್ಧ ಬೆಲೆಗೆ ಮಾರಿದ್ದ. ಕಲಿಸುವವರಿಬ್ಬರು ಬಿಟ್ಟುಹೋದರು, ಒಬ್ಬ ಮಂಗಳೂರಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸಕ್ಕೆ, ಇನ್ನೊಬ್ಬ ಊರ ತೋಟಕ್ಕೆ. ತಾಂಡೇಲ ಐವತ್ತು ದಾಟಿದ ಮನುಷ್ಯ. ಅವನು ನನ್ನ ಪ್ರಶ್ನೆಗೆ ನಕ್ಕುಬಿಟ್ಟ. “ನಮಗೆಂತ ಮೇಷ್ಟ್ರೇ, ಬಲೆ ಇತ್ತಲ್ಲ. ನೋಡುಕೆ ಬರುವವರಿಲ್ಲದಿದ್ರೆ ಹಿಡಿಯುಕೆ ಹೋಪುದು.” ಆ ನಗುವಿನ ಮುಂದೆ ನನ್ನ ಪುಸ್ತಕದ ಅರ್ಥಶಾಸ್ತ್ರ ಸ್ವಲ್ಪ ನಾಚಿತು. ಆದರೂ ಯೋಚಿಸಿದರೆ, ಮೀನನ್ನು ತೋರಿಸಿ ಬದುಕುತ್ತಿದ್ದವನು ಮುಗ್ಗಟ್ಟಿನಲ್ಲಿ ಮೀನನ್ನು ಹಿಡಿದು ಬದುಕಲು ಹಿಂತಿರುಗಿದನೆಂದರೆ, ಆ ಮುಗ್ಗಟ್ಟಿನ ಒಂದು ಪಾಲನ್ನು ಕಡಲೂ ತೆತ್ತಿತೆಂದೇ ಅರ್ಥ.

ಎಲ್ಲ ಮುಗ್ಗಟ್ಟುಗಳೂ ಎಲ್ಲ ಕಡಲುಗಳಿಗೂ ಒಂದೇ ಬಗೆಯಲ್ಲಿ ಬರುವುದಿಲ್ಲ. 1997ರ ಜುಲೈ 2ರಂದು ಥಾಯ್ಲೆಂಡಿನ ನಾಣ್ಯ ಬಾತ್ ಕುಸಿಯಿತು. ಬ್ಯಾಂಕಾಕಿನಲ್ಲಿ ಕಟ್ಟಡಗಳು ಅರ್ಧಕ್ಕೆ ನಿಂತವು, ಹಣಕಾಸಿನ ಸಂಸ್ಥೆಗಳು ಸಾಲುಸಾಲಾಗಿ ಮುಚ್ಚಿದವು. ಅದೇ ಹೊತ್ತಿನಲ್ಲಿ ಪರದೇಶಿಯರಿಗೆ ಆ ದೇಶ ಬಹು ಅಗ್ಗವಾಯಿತು. 1997ರಲ್ಲಿ ಸುಮಾರು 72 ಲಕ್ಷವಿದ್ದ ವಿದೇಶೀ ಪ್ರವಾಸಿಗರ ಸಂಖ್ಯೆ ಮರುವರ್ಷ 77 ಲಕ್ಷವನ್ನು ದಾಟಿತು. ದೇಶ ದಿವಾಳಿಯಂಚಿನಲ್ಲಿದ್ದಾಗ ಪ್ರವಾಸಿಗರನ್ನು ನೆಚ್ಚಿದ ಕಡಲತೀರಕ್ಕೆ ಹೊಸ ಗಿರಾಕಿಗಳು ಬಂದರು. ಕಾರಣ ಸರಳ: ಅಲ್ಲಿನ ಮುಳುಗುವ ಕಸುಬು ನಂಬಿದ್ದು ಪರದೇಶದ ಗಿರಾಕಿಯನ್ನು. ಆ ನಂಬಿಕೆಯೇ 2020ರಲ್ಲಿ ಶಾಪವಾಯಿತು. ಆ ವರ್ಷ ಜಗತ್ತಿನಲ್ಲಿ ಗಡಿ ದಾಟಿ ಸಂಚರಿಸುವವರು ಸುಮಾರು ನೂರು ಕೋಟಿಯಷ್ಟು ಕಡಿಮೆಯಾದರು. ಬರುವ ವಿಮಾನವೇ ಇಲ್ಲದಾಗ ನಾಣ್ಯ ಅಗ್ಗವಾಗಿ ಫಲವೇನು?

ನೇತ್ರಾಣಿಯ ಪರಿಸ್ಥಿತಿ ಇದಕ್ಕೆ ತಿರುಗುಮುರುಗು. ಇಲ್ಲಿನ ಗಿರಾಕಿ ರೂಪಾಯಿಯಲ್ಲಿ ಗಳಿಸುವವನು. ಆದರೆ ಸಲಕರಣೆ ಬರುವುದು ಡಾಲರು ಯೂರೋಗಳ ದೇಶದಿಂದ. ಉಸಿರಾಟದ ರೆಗ್ಯುಲೇಟರ್, ತೇಲಿಸುವ ಅಂಗಿ, ಕಂಪ್ರೆಸರಿನ ಬಿಡಿಭಾಗ, ಕೊನೆಗೆ ಒಂದು ರಬ್ಬರಿನ ಉಂಗುರ ಕೂಡ ಹೊರಗಿನಿಂದ ಬರಬೇಕು. 2008ರ ಜನವರಿಯಲ್ಲಿ ಡಾಲರಿಗೆ 39 ರೂಪಾಯಿಯ ಆಸುಪಾಸಿನಲ್ಲಿದ್ದ ಬೆಲೆ, ಸೆಪ್ಟೆಂಬರ್ 15ರಂದು ಅಮೆರಿಕದ ಲೇಮನ್ ಬ್ರದರ್ಸ್ ಬಿದ್ದ ಮೇಲೆ, ನವೆಂಬರಿನಲ್ಲಿ 50ನ್ನು ಮುಟ್ಟಿತು. ಆಗ ಮುರುಡೇಶ್ವರದಲ್ಲಿ ಈ ಕಸುಬು ಇಂದಿನಷ್ಟು ಬೆಳೆದಿರಲಿಲ್ಲ. ಆದರೆ ಪಾಠ ಅಲ್ಲಿಯೇ ಇತ್ತು: ಮುಗ್ಗಟ್ಟು ಬಂದಾಗ ಗಿರಾಕಿಯೂ ಕಡಿಮೆ, ಸಲಕರಣೆಯೂ ದುಬಾರಿ. ಥಾಯ್ಲೆಂಡಿಗೆ ಒಂದು ಕೈಯಿಂದ ಕಿತ್ತುಕೊಂಡುದನ್ನು ಇನ್ನೊಂದು ಕೈಯಿಂದ ಕೊಟ್ಟ ವಿಧಿ ನಮ್ಮವರಿಂದ ಎರಡು ಕೈಗಳಿಂದಲೂ ಕಿತ್ತುಕೊಳ್ಳುತ್ತದೆ.

ಇಲ್ಲಿ ಇನ್ನೊಂದು ಮಾತು ನೆನಪಾಗುತ್ತದೆ. ನಮ್ಮ ಕರಾವಳಿ ದೂರದೂರಿನ ಸುಖದುಃಖಗಳಿಗೆ ಮೊದಲಿನಿಂದಲೂ ಹೊಂದಿಕೊಂಡದ್ದು. ಭಟ್ಕಳದ ಮನೆಗಳಲ್ಲಿ ದುಬೈಯ ಸುದ್ದಿ ಬೆಂಗಳೂರಿನ ಸುದ್ದಿಗಿಂತ ಮೊದಲೇ ಚರ್ಚೆಯಾಗುತ್ತದೆ. ಕಾರಂತರ ‘ಮರಳಿ ಮಣ್ಣಿಗೆ’ (1941) ಓದಿದವರಿಗೆ ಈ ಊರು ಬಿಡುವ, ಊರಿಗೆ ಮರಳುವ ಕಥೆ ಹೊಸದಲ್ಲ. ಹೊಸದೇನೆಂದರೆ, ಹಿಂದೆ ಇಲ್ಲಿನ ಹುಡುಗರು ದುಡ್ಡಿದ್ದ ಊರಿಗೆ ಹೋಗುತ್ತಿದ್ದರು. ಈಗ ದುಡ್ಡಿದ್ದ ಊರೇ ಶನಿವಾರದ ರಾತ್ರಿ ಬಸ್ಸು ಹತ್ತಿ ಇಲ್ಲಿಗೆ ಬರುತ್ತಿದೆ. ಆ ಬಸ್ಸಿನ ಹಿಂದೆ ವಸತಿಗೃಹದವನು, ರಿಕ್ಷಾದವನು, ಚಹದಂಗಡಿಯವನು, ದೋಣಿಗೆ ಡೀಸೆಲ್ ಕೊಡುವವನು, ಒದ್ದೆ ಬಟ್ಟೆಗಳಿಗೆ ಸ್ನಾನದ ಕೋಣೆ ಬಾಡಿಗೆ ಕೊಡುವ ಮುದುಕಿ, ಇಷ್ಟು ಮಂದಿ ಕಟ್ಟಿಕೊಂಡಿದ್ದಾರೆ.

ಇಷ್ಟೇ ಆಗಿದ್ದರೆ ಇದನ್ನು ನಾನು ಬರೆಯುತ್ತಿರಲಿಲ್ಲವೇನೋ. ಎಷ್ಟೋ ಕಸುಬುಗಳು ಹುಟ್ಟುತ್ತವೆ, ಎಷ್ಟೋ ಅಳಿಯುತ್ತವೆ. ಉಳ್ಳವರ ವಿನೋದಕ್ಕೆ ಸಂಬಂಧಿಸಿದ ಒಂದು ಅಂಗಡಿ ಮುಚ್ಚಿದರೆ ಕನ್ನಡ ಅಧ್ಯಾಪಕ ಶೋಕಗೀತೆ ಬರೆಯಬೇಕಾಗಿಲ್ಲ. ನನ್ನನ್ನು ಕಾಡಿದುದು ಬೇರೊಂದು ಸಂಗತಿ. ವರಮಾನ ಇಳಿದಾಗ ಅಂಗಡಿಯವನು ಎಲ್ಲಿ ಉಳಿತಾಯ ಮಾಡುತ್ತಾನೆ?

ಹೋಟೆಲಿನವನು ಮುಗ್ಗಟ್ಟಿನಲ್ಲಿ ಸಾಂಬಾರಿಗೆ ನೀರು ಬೆರೆಸಿದರೆ ಉಣ್ಣುವವನಿಗೆ ತಕ್ಷಣ ತಿಳಿಯುತ್ತದೆ. ಗಾಳಿಯನ್ನು ಮಾರುವವನ ಕಲಬೆರಕೆ ಯಾರಿಗೂ ಕಾಣುವುದಿಲ್ಲ. ಸುಮಾರು 11 ಲೀಟರು ಹಿಡಿಯುವ ಸಿಲಿಂಡರಿನಲ್ಲಿ ವಾತಾವರಣದ ಒತ್ತಡದ 200 ಪಟ್ಟು ಒತ್ತಿ, 2,200 ಲೀಟರಿನಷ್ಟು ಗಾಳಿಯನ್ನು ತುಂಬುತ್ತಾರೆ. ಆ ಗಾಳಿ ಕಂಪ್ರೆಸರಿನಿಂದ ಬರುವಾಗ ಇದ್ದಿಲು ಮೊದಲಾದವುಗಳಿರುವ ಸೋಸುಕದ ಮೂಲಕ ಹಾದು ಬರಬೇಕು. ಯಂತ್ರದ ಎಣ್ಣೆಯ ಆವಿ, ಬಳಿಯಲ್ಲಿ ಓಡುವ ಎಂಜಿನ್ನಿನ ಹೊಗೆ ಒಳಗೆ ಸೇರಬಾರದು. ಕರಾವಳಿಯ ಸೆಕೆಗೂ ತೇವಕ್ಕೂ ಈ ಸೋಸುಕ ಬೇಗ ಸವೆಯುತ್ತದೆ. ನಿಗದಿಯಾದಷ್ಟು ಗಂಟೆಗಳ ನಂತರ ಬದಲಾಯಿಸಲೇಬೇಕು. ನೀರಿನಲ್ಲಿ ಹತ್ತು ಹತ್ತು ಮೀಟರು ಇಳಿದಂತೆ ಒತ್ತಡ ಒಂದೊಂದು ವಾತಾವರಣದಷ್ಟು ಏರುತ್ತದೆ. ದಡದ ಮೇಲೆ ತಲೆನೋವನ್ನಷ್ಟೇ ತರುವ ಕಲ್ಮಶ ಆಳದಲ್ಲಿ ಎಚ್ಚರ ತಪ್ಪಿಸಬಹುದು. ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಹಾಗೆಯೇ ರೆಗ್ಯುಲೇಟರುಗಳನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ, ಸವೆದ ಭಾಗಗಳನ್ನು ಬದಲಿಸಬೇಕು. ಸಿಲಿಂಡರುಗಳನ್ನು ಕಾಲಕಾಲಕ್ಕೆ ಒತ್ತಡದ ಪರೀಕ್ಷೆಗೆ ಕಳುಹಿಸಬೇಕು. ಈ ಯಾವ ಖರ್ಚೂ ಗಿರಾಕಿಯ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಕೈ ಬಿಗಿಯಾದಾಗ ಮೊದಲು ಮುಂದೂಡಲು ಮನಸ್ಸಾಗುವುದು ಇವನ್ನೇ.

ಇದರ ಜೊತೆಗೆ ದರದ ಪೈಪೋಟಿಯೊಂದು ಸೇರಿಕೊಳ್ಳುತ್ತದೆ. ಗಿರಾಕಿ ವಿರಳವಾದಾಗ ಪಕ್ಕದವನು ಐನೂರು ರೂಪಾಯಿ ಇಳಿಸುತ್ತಾನೆ, ಇವನೂ ಇಳಿಸಬೇಕು. ಇಳಿಸಿದ ಮೇಲೆ, ಒಬ್ಬ ಕಲಿಸುವವನ ಜೊತೆ ಒಬ್ಬರನ್ನೋ ಇಬ್ಬರನ್ನೋ ಕಳಿಸುತ್ತಿದ್ದಲ್ಲಿ ಮೂವರನ್ನು ಕಳಿಸುವ ಯೋಚನೆ ಬರುತ್ತದೆ. ಅನುಭವಿಯನ್ನು ಬಿಟ್ಟು ಕಡಿಮೆ ಸಂಬಳದ ಹೊಸಬನನ್ನು ತರುವ ಯೋಚನೆ ಬರುತ್ತದೆ. ನೇತ್ರಾಣಿಗೆ ಬರುವವರಲ್ಲಿ ಬಹುಮಂದಿ ಈಜು ಬಾರದವರು. ಜೀವಮಾನದಲ್ಲಿ ಒಮ್ಮೆ ನೋಡಿಬಿಡೋಣವೆಂದು ಬಂದವರು. ನಾನೂ ಆ ಜಾತಿಗೇ ಸೇರಿದವನು. ಶಿಷ್ಯನ ಒತ್ತಾಯಕ್ಕೆ ಒಮ್ಮೆ ಎಂಟು ಮೀಟರು ಇಳಿದಿದ್ದೇನೆ. (ಶುಲ್ಕ ಬೇಡವೆಂದ, ಗುರುದಕ್ಷಿಣೆಯನ್ನು ಗಾಳಿಯ ರೂಪದಲ್ಲಿ ಪಡೆದವನು ನಾನೊಬ್ಬನೇ ಇರಬೇಕು. ಆಮೇಲೆ ಹಟಮಾಡಿ ಕೊಟ್ಟೆ.) ಕೆಳಗೆ ಕಂಡ ಮೀನುಗಳಿಗಿಂತ ನನಗೆ ಚೆನ್ನಾಗಿ ನೆನಪಿರುವುದು, ನನ್ನ ಬೆನ್ನ ಹಿಂದೆ ಸಿಲಿಂಡರನ್ನು ಹಿಡಿದಿದ್ದ ಅವನ ಕೈ, ಮತ್ತು ನನ್ನದೇ ಉಸಿರಿನ ಸದ್ದು. ಆ ಉಸಿರು ಅವನ ಹಿತ್ತಲ ಯಂತ್ರದಿಂದ ಬಂದುದೆಂಬ ಯೋಚನೆ ಆಗ ಹೊಳೆದಿರಲಿಲ್ಲ. ಈಗ ಹೊಳೆಯುತ್ತದೆ.

ಕೊನೆಯದಾಗಿ, ಈ ವಿದ್ಯೆ ಕೇವಲ ವಿನೋದವೆಂಬ ಎಣಿಕೆಯೂ ಸರಿಯಲ್ಲ. 2024ರ ಜುಲೈ 16ರಂದು ನಮ್ಮ ಜಿಲ್ಲೆಯ ಅಂಕೋಲೆಯ ಬಳಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರನ್ನು ಗಂಗಾವಳಿ ಹೊಳೆಗೆ ನೂಕಿತು. ಕೇರಳದ ಲಾರಿಯೊಂದೂ ಅದರ ಚಾಲಕನೂ ಹೊಳೆಯ ತಳ ಸೇರಿದರು. ಕೆಸರು ತುಂಬಿದ ಆ ಸೆಳವಿನಲ್ಲಿ ನೌಕಾದಳದ ಮುಳುಗುತಜ್ಞರೂ, ಮಲ್ಪೆಯಿಂದ ಬಂದ ಮುಳುಗುತಜ್ಞರೂ ಮತ್ತೆ ಮತ್ತೆ ಇಳಿದರು. ಲಾರಿಯೂ ಚಾಲಕನ ದೇಹದ ಅವಶೇಷಗಳೂ ದೊರೆತುದು ಸೆಪ್ಟೆಂಬರ್ 25ರಂದು, ಗೋವೆಯಿಂದ ಹೂಳೆತ್ತುವ ಯಂತ್ರ ತಂದ ಮೇಲೆ. ಹೊಳೆ ಕೆರೆಗಳಲ್ಲಿ ಅನಾಹುತವಾದಾಗ ನಾವು ‘ಮುಳುಗುವವರನ್ನು ಕರೆಯಿರಿ’ ಎನ್ನುತ್ತೇವೆ. ಕರೆದಾಗ ಬರುವ ಮನುಷ್ಯ ಉಳಿದ ದಿನಗಳಲ್ಲಿ ಏನನ್ನು ಉಂಡು ಬದುಕಿದ್ದಾನೆಂದು ಕೇಳುವುದಿಲ್ಲ. ಊಟ ತಲುಪಿಸಲು ಮಂಗಳೂರಿಗೆ ಹೋದ ಆ ಹುಡುಗ ನೀರಿನಡಿಯಲ್ಲಿ ನೂರಾರು ಗಂಟೆ ಕಳೆದವನು. ಅಂಥವನನ್ನು ತಯಾರುಮಾಡಲು ವರ್ಷಗಳು ಬೇಕು. ಕಳೆದುಕೊಳ್ಳಲು ಒಂದು ಬೇಸಗೆ ಸಾಕಾಯಿತು.

ಹವಳದ ವಿಚಾರವೂ ಹೀಗೆಯೇ. ಕಡಲು ಕಾದಾಗ ಹವಳ ಬಿಳಿಚುತ್ತದೆ. 1998, 2010, 2016ರಲ್ಲಿ ಲಕ್ಷದ್ವೀಪದ ಹವಳ ಹೀಗೆ ಬಿಳಿಚಿತ್ತು. 2024ರ ಏಪ್ರಿಲಿನಲ್ಲಿ ಜಗದ್ವ್ಯಾಪಿಯಾದ ನಾಲ್ಕನೆಯ ಬಿಳಿಚುವಿಕೆ ನಡೆದಿದೆಯೆಂದು ವಿಜ್ಞಾನಿಗಳು ಸಾರಿದರು. ವಿಜ್ಞಾನಿಗಳು ನೇತ್ರಾಣಿಗೆ ಎಂದೋ ಒಮ್ಮೆ ಬಂದಾರು. ಅದರ ತಳವನ್ನು ವಾರವಾರವೂ ಕಾಣುವವರು ಇವರೇ. ಯಾವ ಬಂಡೆಯ ಬಳಿ ಹರಿದ ಬಲೆ ಸಿಕ್ಕಿಕೊಂಡಿದೆ, ಯಾವ ಹವಳ ಹೋದ ವರ್ಷದ ಬಣ್ಣದಲ್ಲಿಲ್ಲ ಎಂದು ಹೇಳಬಲ್ಲವರು ಇವರೇ. ಅಂಗಡಿ ಮುಚ್ಚಿದರೆ ಅಲ್ಲಿ ಏನಾಯಿತೆಂದು ದಡಕ್ಕೆ ಬಂದು ಹೇಳುವ ಕಣ್ಣುಗಳಿರುವುದಿಲ್ಲ. ಈ ಬಗೆಯ ಕೆಲಸಕ್ಕೆ ಮಳೆಗಾಲದಲ್ಲಿ, ಮುಗ್ಗಟ್ಟಿನಲ್ಲಿ ಇವರಿಗೆ ಒಂದಿಷ್ಟು ಕೂಲಿ ಕೊಟ್ಟರೆ ಸರಕಾರದ ಬೊಕ್ಕಸವೇನೂ ಬರಿದಾಗದು. ಯಾಂತ್ರಿಕ ದೋಣಿಗಳಿಗೆ ಮುಂಗಾರಿನಲ್ಲಿ ಮೀನುಗಾರಿಕೆಯ ನಿಷೇಧವಿರುವುದು ಮೀನಿನ ಸಂತತಿ ಬೆಳೆಯಲೆಂದು. ಮೀನಿಗೆ ತೋರಿಸುವ ಈ ದೂರದೃಷ್ಟಿ ಮೀನನ್ನು ಬಲ್ಲ ಮನುಷ್ಯನಿಗೂ ಸಲ್ಲಬಾರದೇಕೆ?

ಕಳೆದ ಸಲ ನಾನು ಹೋದುದು ಮಳೆ ಹಿಡಿಯುವ ಮುನ್ನ. ದೋಣಿಯನ್ನು ದಡಕ್ಕೆ ಎಳೆದು ತಾಡಪಾಲು ಹೊದಿಸಿದ್ದರು. ತಾಂಡೇಲ ಬಲೆ ಹೆಣೆಯುತ್ತಿದ್ದ. ಶಿಷ್ಯ ನೆಲದ ಮೇಲೆ ಹಳೆಯ ಪತ್ರಿಕೆ ಹಾಸಿ ರೆಗ್ಯುಲೇಟರುಗಳನ್ನು ಒಂದೊಂದಾಗಿ ಬಿಚ್ಚುತ್ತಿದ್ದ. ಹಾಸಿದ್ದ ಪತ್ರಿಕೆ ಇಂಥದೇ ಒಂದು ಭಾನುವಾರದ ಪುರವಣಿಯೆಂಬುದನ್ನು ಗಮನಿಸಿ ಸುಮ್ಮನಾದೆ. ಆ ಸಲದ ವ್ಯಾಪಾರ ಹೇಗೆಂದು ಕೇಳಿದೆ. “ಅಷ್ಟಕ್ಕಷ್ಟೇ ಸರ್” ಎಂದ. ಸೋಸುಕದ ವಿಷಯ ಕೇಳಲೋ ಬೇಡವೋ ಎಂದು ಅನುಮಾನಿಸಿ, ಕೊನೆಗೆ ಕೇಳಿಯೇಬಿಟ್ಟೆ. ಅವನು ಮಾತನಾಡದೆ ಎದ್ದು ಹಿತ್ತಲಿಗೆ ಕರೆದುಕೊಂಡು ಹೋಗಿ, ಕಂಪ್ರೆಸರಿನ ಪಕ್ಕದ ಗೋಡೆಯನ್ನು ತೋರಿಸಿದ. ಸುಣ್ಣದ ಮೇಲೆ ಪೆನ್ಸಿಲಿನಲ್ಲಿ ತಾರೀಖುಗಳ ಸಾಲಿತ್ತು, ಪ್ರತಿಯೊಂದರ ಮುಂದೆ ಯಂತ್ರ ಓಡಿದ ಗಂಟೆಗಳು. 2020ರ ಮಾರ್ಚಿನ ಕೆಳಗೆ ಬಹಳಷ್ಟು ಜಾಗ ಖಾಲಿ ಬಿಟ್ಟಿತ್ತು. ಕಟ್ಟಕಡೆಯ ತಾರೀಖು ಹಿಂದಿನ ವಾರದ್ದು.